ಕೂಡ್ರುವ ಮೆಟ್ಟಿಲು, ನೋಡುವ ಮೆಟ್ಟಿಲು

ಧಾರವಾಡದ ಕಡೆಯ ಆಡುಮಾತಿನಲ್ಲಿ ಮೆಟ್ಟಿಲಿಗೆ ಪಾವಟಿಗೆ ಎನ್ನುತ್ತಾರೆ. ಕುಳಿತುಕೊಳ್ಳಲೆಂದು ಎತ್ತರಿಸಿ ಕಟ್ಟಿದ ಜಾಗಕ್ಕೆ ಕಟ್ಟೆ ಎನ್ನುತ್ತಾರೆ. ಪಾವಟಿಗೆ ಇರುವುದು ಹತ್ತಿ ಇಳಿಯಲು, ಕಟ್ಟೆ ಇರುವುದು ಕೂಡ್ರಲು. ಅಗಸಿಯ ಬಳಿಯ ಕಟ್ಟೆಯ ಮೇಲೋ ಬೇವಿನ ಮರದ ಸುತ್ತಲಿನ ಕಟ್ಟೆಯ ಮೇಲೋ ಮಧ್ಯಾಹ್ನವಿಡೀ ಕುಳಿತವನನ್ನು ಯಾರೂ ಏನೂ ಕೇಳುವುದಿಲ್ಲ. ಅದೇ ಮನುಷ್ಯ ಬ್ಯಾಂಕಿನ ಪಾವಟಿಗೆಯ ಮೇಲೆ ಐದು ನಿಮಿಷ ಕುಳಿತರೆ ‘ದಾರಿ ಬಿಡ್ರಿ’ ಎಂಬ ಮಾತು ಹಿಂದಿನಿಂದ ಬಂದೇ ಬರುತ್ತದೆ. ಕೆರೆಯ ಏರಿ, ಮಠದ ಮುಂಭಾಗ, ಕಾಲೇಜಿನ ಅಂಗಳ, ಗುಡ್ಡದ ಇಳಿಜಾರು ಮುಂತಾದ ಕಡೆ ಕಟ್ಟುವ ಸಾರ್ವಜನಿಕ ಮೆಟ್ಟಿಲುಗಳು ಪಾವಟಿಗೆಯೂ ಆಗಬೇಕು, ಕಟ್ಟೆಯೂ ಆಗಬೇಕು. ಅದರ ಜೊತೆಗೆ ಕುಳಿತವರ ಕಣ್ಣಿಗೆ ಏನಾದರೂ ಸಿಗಬೇಕು. ನಡೆಯುವ ಕಾಲಿಗೆ, ಕೂಡ್ರುವ ಮೈಗೆ, ನೋಡುವ ಕಣ್ಣಿಗೆ ಬೇರೆ ಬೇರೆ ಅಳತೆಗಳಿವೆ. ಈ ಮೂರನ್ನು ಹೊಂದಿಸುವುದು ಅಂಥ ಕಷ್ಟವೇನಲ್ಲ. ನಿಜವಾದ ಕಷ್ಟ ಬೇರೆಡೆ ಇದೆ: ಜನ ಒಟ್ಟುಗೂಡಲು ಬೇಕಾದ ಆಕಾರವೂ ದೂರ ನೋಡಲು ಬೇಕಾದ ಆಕಾರವೂ ಹಲವು ಬಾರಿ ಒಂದಕ್ಕೊಂದು ವಿರುದ್ಧವಾಗಿರುತ್ತವೆ.

ಮೊದಲು ಕಾಲಿನ ಅಳತೆ. ಹದಿನೇಳನೆಯ ಶತಮಾನದ ಫ್ರೆಂಚ್ ವಾಸ್ತುಶಿಲ್ಪಿ ಫ್ರಾನ್ಸ್ವಾ ಬ್ಲೊಂಡೆಲ್ ಕಂಡುಕೊಂಡ ಲೆಕ್ಕವೊಂದು ಇಂದಿಗೂ ಬಳಕೆಯಲ್ಲಿದೆ. ಮೆಟ್ಟಿಲಿನ ಎತ್ತರವನ್ನು ಎರಡರಿಂದ ಗುಣಿಸಿ ಅದಕ್ಕೆ ಮೆಟ್ಟಿಲಿನ ಅಗಲವನ್ನು ಕೂಡಿಸಿದರೆ ಮನುಷ್ಯನ ಒಂದು ಹೆಜ್ಜೆಯ ಉದ್ದ, ಎಂದರೆ ಸುಮಾರು 60ರಿಂದ 65 ಸೆಂಟಿಮೀಟರ್ ಬರಬೇಕು. ಒಂದು ಹೆಜ್ಜೆಯನ್ನು ಮೇಲೆತ್ತುವ ಶ್ರಮ ಅದನ್ನು ಮುಂದಿಡುವ ಶ್ರಮದ ಎರಡರಷ್ಟು ಎಂಬ ಸರಳ ತಿಳಿವಳಿಕೆ ಇದರ ಹಿಂದಿದೆ. 15 ಸೆಂಟಿಮೀಟರ್ ಎತ್ತರ ಮತ್ತು 30 ಸೆಂಟಿಮೀಟರ್ ಅಗಲದ ಮೆಟ್ಟಿಲು ಈ ಲೆಕ್ಕಕ್ಕೆ ಸರಿಹೊಂದುತ್ತದೆ; ಜನ ಸೇರುವ ಕಟ್ಟಡಗಳಿಗೆ ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವ ಗರಿಷ್ಠ ಎತ್ತರ ಮತ್ತು ಕನಿಷ್ಠ ಅಗಲ ಕೂಡ ಇವೇ. ಬಯಲಿನಲ್ಲಿ ಕಟ್ಟುವಾಗ ಎತ್ತರವನ್ನು 13ಕ್ಕೆ ಇಳಿಸಿ ಅಗಲವನ್ನು 36ರವರೆಗೆ ಹೆಚ್ಚಿಸುವುದು ಒಳ್ಳೆಯದು, ಏಕೆಂದರೆ ಬಯಲಿನಲ್ಲಿ ನಮ್ಮ ಹೆಜ್ಜೆ ಮನೆಯೊಳಗಿನದಕ್ಕಿಂತ ಉದ್ದವಾಗಿರುತ್ತದೆ, ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಕೈಯಲ್ಲಿ ಮಗುವೋ ಚೀಲವೋ ಇರುತ್ತದೆ.

ಅಳತೆ ಯಾವುದೇ ಇರಲಿ, ಮೊದಲ ಮೆಟ್ಟಿಲಿನಿಂದ ಕೊನೆಯದರವರೆಗೆ ಅದು ಒಂದೇ ಆಗಿರಬೇಕು. ಎರಡು ಮೂರು ಮೆಟ್ಟಿಲು ಇಳಿಯುವಷ್ಟರಲ್ಲಿ ಕಾಲು ಲಯ ಹಿಡಿಯುತ್ತದೆ, ಆಮೇಲೆ ಕಣ್ಣು ಕೆಳಗೆ ನೋಡುವುದಿಲ್ಲ. ಅಮೆರಿಕದ ಕಟ್ಟಡ ನಿಯಮಗಳು ಒಂದೇ ಸಾಲಿನ ಮೆಟ್ಟಿಲುಗಳ ನಡುವೆ 9.5 ಮಿಲಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸವನ್ನು ಒಪ್ಪುವುದಿಲ್ಲ. ನಮ್ಮಲ್ಲಿ ಗೌಂಡಿ ಎಷ್ಟೇ ಜಾಣನಾಗಿದ್ದರೂ ಕೊನೆಯ ಮೆಟ್ಟಿಲು ಕೆಡುವುದು ಅವನಿಂದಲ್ಲ, ರಸ್ತೆಯಿಂದ. ಹಳೆಯ ಡಾಂಬರನ್ನು ಕೆತ್ತಿ ತೆಗೆಯದೆ ಅದರ ಮೇಲೆಯೇ ಹೊಸದನ್ನು ಹಾಸುತ್ತ ಹೋದಂತೆ ರಸ್ತೆ ಏರುತ್ತದೆ, ಕೊನೆಯ ಮೆಟ್ಟಿಲು ಗಿಡ್ಡವಾಗುತ್ತದೆ. ನಾನು ದಿನವೂ ಹಾದುಹೋಗುತ್ತಿದ್ದ ಒಂದು ಕಟ್ಟಡದ ಮುಂದೆ ಹೀಗೆಯೇ ನಾಲ್ಕು ಬೆರಳಿನಷ್ಟು ಉಳಿದ ಮೆಟ್ಟಿಲೊಂದಿತ್ತು. ಹೊಸಬರು ಅಲ್ಲಿ ಮುಗ್ಗರಿಸದೆ ಹೋಗುತ್ತಿರಲಿಲ್ಲ, ನಾನೂ ಒಮ್ಮೆ ಚಹದ ಲೋಟದ ಸಮೇತ ಮುಗ್ಗರಿಸಿದ್ದೇನೆ.

ಇನ್ನು ಮೈಯ ಅಳತೆ. ಆರಾಮವಾಗಿ ಕಾಲು ಇಳಿಬಿಟ್ಟು ಕುಳಿತುಕೊಳ್ಳಲು ಸುಮಾರು 45 ಸೆಂಟಿಮೀಟರ್ ಎತ್ತರ ಬೇಕು. ನಡೆಯುವ ಮೆಟ್ಟಿಲಿನ ಎತ್ತರ 15 ಆದ್ದರಿಂದ ಸಾಮಾನ್ಯ ಮೆಟ್ಟಿಲಿನ ಮೇಲೆ ಕುಳಿತವನು ತನ್ನ ಪಾದಗಳನ್ನು ಎರಡು ಮೂರು ಮೆಟ್ಟಿಲು ಕೆಳಗೆ ಇಟ್ಟುಕೊಳ್ಳುತ್ತಾನೆ. ಕುಳಿತದ್ದು ಒಂದೇ ಮೆಟ್ಟಿಲಿನ ಮೇಲಾದರೂ ಅವನು ಆಕ್ರಮಿಸುವುದು ಮೂರು ಮೆಟ್ಟಿಲುಗಳ ದಾರಿಯನ್ನು. ‘ದಾರಿ ಬಿಡ್ರಿ’ ಎಂಬ ಮಾತು ಹುಟ್ಟುವುದು ಈ ಲೆಕ್ಕದಿಂದಲೇ. ಹಾಗಾಗಿ ಕೂಡ್ರುವ ಭಾಗವನ್ನು ಬೇರೆ ಮಾಡಿ, 45 ಸೆಂಟಿಮೀಟರ್ ಎತ್ತರ ಮತ್ತು 90 ಸೆಂಟಿಮೀಟರ್ ಅಗಲದ ದೊಡ್ಡ ಹಂತಗಳನ್ನಾಗಿ ಕಟ್ಟುವುದು ರೂಢಿ. ಅಗಲ ಅಷ್ಟು ಬೇಕಾಗುವುದು ಮುಂದೆ ಕುಳಿತವನ ಬೆನ್ನಿಗೆ ಹಿಂದಿನವನ ಚಪ್ಪಲಿ ತಾಗದಿರಲೆಂದು. ಇಲ್ಲೊಂದು ಅನುಕೂಲವಿದೆ. 15ರ ಮೂರು ಎತ್ತರಗಳು ಸೇರಿ 45, 30ರ ಮೂರು ಅಗಲಗಳು ಸೇರಿ 90. ಎಂದರೆ ಮೂರು ಪಾವಟಿಗೆಗೆ ಸರಿಯಾಗಿ ಒಂದು ಕಟ್ಟೆ. ಎರಡರ ಇಳಿಜಾರೂ ಒಂದೇ ಆಗುವುದರಿಂದ ಕಟ್ಟೆಗಳ ಸಾಲಿನ ನಡುವೆ ನಡೆಯುವ ಮೆಟ್ಟಿಲುಗಳನ್ನು ಎಲ್ಲಿ ಬೇಕಾದರೂ ಸೇರಿಸಬಹುದು.

ಎಲ್ಲಿ ಸೇರಿಸಬೇಕು ಎಂಬುದಕ್ಕೆ ಮಾತ್ರ ಸೂತ್ರವಿಲ್ಲ. ನಡೆಯುವ ದಾರಿಯನ್ನು ನಟ್ಟನಡುವೆ ಇಟ್ಟರೆ ಕುಳಿತವರ ಗುಂಪು ಎರಡು ಹೋಳಾಗುತ್ತದೆ. ಎರಡೂ ಅಂಚುಗಳಿಗೆ ಸರಿಸಿದರೆ, ಬೆನ್ನಿಗೆ ಅಥವಾ ಭುಜಕ್ಕೆ ಗೋಡೆಯ ಆಸರೆ ಸಿಗುವ, ಎಲ್ಲರಿಗೂ ಇಷ್ಟವಾದ ಜಾಗಗಳೇ ಹೋಗಿಬಿಡುತ್ತವೆ. ಅಗಲದ ಮೂರನೆಯ ಒಂದು ಭಾಗದಷ್ಟು ದೂರದಲ್ಲಿ, ಇಬ್ಬರು ಎದುರುಬದುರಾಗಿ ದಾಟುವಂತೆ ಕನಿಷ್ಠ ಒಂದೂವರೆ ಮೀಟರಿನ ಒಂದೇ ದಾರಿ ಇಟ್ಟು, ಅದರ ಕಲ್ಲಿನ ಬಣ್ಣವನ್ನು ಬೇರೆ ಮಾಡುವುದು ಉತ್ತಮವೆಂದು ನನಗೆ ತೋರುತ್ತದೆ. ಹತ್ತಿಳಿಯುವವರು ಕುಳಿತವರಿಗೆ ತೊಂದರೆಯಲ್ಲ, ಕಾಣಿಕೆ. ನ್ಯೂಯಾರ್ಕಿನ ಚೌಕಗಳಲ್ಲಿ ಕ್ಯಾಮೆರಾ ಇಟ್ಟು ಜನರ ವರ್ತನೆಯನ್ನು 1970ರ ದಶಕದಲ್ಲಿ ಅಧ್ಯಯನ ಮಾಡಿದ ವಿಲಿಯಂ ವೈಟ್ ಎಂಬ ಸಂಶೋಧಕರು ಮನುಷ್ಯರನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆಯುವುದು ಇತರ ಮನುಷ್ಯರೇ ಎಂಬುದನ್ನು ಕಂಡರು. ಇನ್ನೊಂದು ಸಂಗತಿಯನ್ನೂ ಅವರು ಗುರುತಿಸಿದರು: ಪರಿಚಿತರು ಸಿಕ್ಕರೆ ಜನ ಬದಿಗೆ ಸರಿಯದೆ ಓಡಾಟದ ನಟ್ಟನಡುವೆಯೇ ನಿಂತು ಮಾತಿಗೆ ತೊಡಗುತ್ತಾರೆ. ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಒಂದು ಸಂಜೆ ಅಡ್ಡಾಡಿದವರಿಗೆ ಇದನ್ನು ಹೇಳಲು ಸಂಶೋಧಕರು ಬೇಕಿಲ್ಲ. ಮೆಟ್ಟಿಲಿನ ಮಟ್ಟಿಗೆ ಇದರ ಅರ್ಥವೇನೆಂದರೆ ಮೇಲಿನ ತುದಿಯಲ್ಲೂ ಬುಡದಲ್ಲೂ ಇಂಥವರು ನಿಂತೇ ನಿಲ್ಲುತ್ತಾರೆ; ಅಲ್ಲಿ ಸಮತಟ್ಟಾದ ಜಾಗ ಧಾರಾಳವಾಗಿರಬೇಕು.

ಈಗ ಆಕಾರದ ವಿಷಯ. ಗದಗಿನಿಂದ ಸುಮಾರು 12 ಕಿಲೋಮೀಟರ್ ದೂರದ ಲಕ್ಕುಂಡಿಯಲ್ಲಿ, ಮಾಣಿಕೇಶ್ವರ ಗುಡಿಯ ಪಕ್ಕದ ಮುಸುಕಿನ ಬಾವಿಯನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಕಲ್ಯಾಣದ ಚಾಲುಕ್ಯರ ಕಾಲದ ಈ ಬಾವಿಯ ಬದಿಗಳಿಂದ ಮೆಟ್ಟಿಲುಗಳು ನೀರಿನತ್ತ ಇಳಿಯುತ್ತವೆ. ಗೋಡೆಯಲ್ಲಿ ಪುಟ್ಟ ಗುಡಿಗಳಂತಹ ಗೂಡುಗಳಿವೆ. ಮೆಟ್ಟಿಲು ಬಾವಿಯ ಮೊದಲ ಗುಣ ಅದರ ಉಪಯೋಗದಲ್ಲಿದೆ. ಮಳೆಗಾಲ ಮುಗಿದಾಗ ನೀರು ಮೇಲಿರುತ್ತದೆ, ಬೇಸಗೆಯಲ್ಲಿ ತಳಕ್ಕಿಳಿಯುತ್ತದೆ. ಮೆಟ್ಟಿಲು ತಳದವರೆಗೂ ಇರುವುದರಿಂದ ನೀರು ಯಾವ ಮಟ್ಟದಲ್ಲಿದ್ದರೂ ದಂಡೆಯೊಂದು ಸಿಗುತ್ತದೆ, ಆ ದಿನದ ಕೊನೆಯ ಮೆಟ್ಟಿಲು ಯಾವುದೆಂಬುದನ್ನು ನೀರೇ ಹೇಳುತ್ತದೆ. ಎರಡನೆಯ ಗುಣ ನಮ್ಮ ವಿಷಯಕ್ಕೆ ಸೇರಿದ್ದು. ಬದಿಗಳೆಲ್ಲ ಒಳಮುಖವಾಗಿರುವುದರಿಂದ ಒಂದು ಬದಿಯಲ್ಲಿ ನಿಂತವರಿಗೆ ನೀರೂ ಕಾಣುತ್ತದೆ, ನೀರಿನಾಚೆ ಎದುರಿನ ಬದಿಯವರ ಮುಖವೂ ಕಾಣುತ್ತದೆ. ನೋಡುವ ವಸ್ತು ನಡುವೆ ಇದ್ದಾಗ ಕೂಡುವ ಆಕಾರವೂ ನೋಡುವ ಆಕಾರವೂ ಒಂದೇ ಆಗುತ್ತವೆ. ಕುಸ್ತಿಯ ಕಣದ ಸುತ್ತ ಜನ ತಾವಾಗಿಯೇ ದುಂಡಗೆ ನಿಲ್ಲುವುದೂ ಇದೇ ಕಾರಣಕ್ಕೆ.

ಆದರೆ ಉಣಕಲ್ ಕೆರೆಯಂತಹ ದೊಡ್ಡ ಕೆರೆಯ ದಂಡೆಯಲ್ಲಿ ಅಥವಾ ನೃಪತುಂಗ ಬೆಟ್ಟದಂತಹ ಎತ್ತರದಲ್ಲಿ ನೋಡುವ ವಸ್ತು ನಡುವೆ ಇರುವುದಿಲ್ಲ, ದೂರದಲ್ಲಿ ಹರಡಿಕೊಂಡಿರುತ್ತದೆ. ಅದನ್ನು ನೋಡಲು ನೇರವಾದ ಅಥವಾ ಹೊರಕ್ಕೆ ಉಬ್ಬಿದ ಮೆಟ್ಟಿಲುಸಾಲು ಬೇಕು. ಪ್ರತಿಯೊಬ್ಬರಿಗೂ ಎದುರಿನ ಬಯಲು ಪೂರ್ತಿ ಸಿಗುತ್ತದೆ. ಅಂಥ ಸಾಲಿನಲ್ಲಿ ಕುಳಿತ ನಾಲ್ವರು ಗೆಳೆಯರು ಮಾತ್ರ ಪರಸ್ಪರ ಮುಖ ನೋಡಲು ಕತ್ತು ತಿರುಗಿಸಬೇಕಾಗುತ್ತದೆ. ಬಸ್ಸಿನ ಸೀಟಿನಲ್ಲಿ ಕುಳಿತಂತೆ ಆ ತುದಿಯವನಿಗೆ ಈ ತುದಿಯವನ ಮಾತು ಕೇಳಿಸುವುದಿಲ್ಲ. ಮನುಷ್ಯರನ್ನು ಒಂದುಗೂಡಿಸುವ ಮತ್ತು ದೂರ ಸರಿಸುವ ಆಸನವ್ಯವಸ್ಥೆಗಳ ಈ ಭೇದಕ್ಕೆ ಮನೋವೈದ್ಯ ಹಂಫ್ರಿ ಓಸ್ಮಂಡ್ 1950ರ ದಶಕದಲ್ಲಿಯೇ ಹೆಸರು ಕೊಟ್ಟರು. ಅವರು ಯೋಚಿಸುತ್ತಿದ್ದುದು ಆಸ್ಪತ್ರೆಯ ವಾರ್ಡುಗಳ ಬಗ್ಗೆ, ಆದರೆ ಮಾತು ಮೆಟ್ಟಿಲಿಗೂ ಹಾಗೆಯೇ ಅನ್ವಯಿಸುತ್ತದೆ.

ರೋಮಿನ ಪ್ರಸಿದ್ಧ ಸ್ಪ್ಯಾನಿಷ್ ಮೆಟ್ಟಿಲುಗಳನ್ನು 1723ರಿಂದ 1725ರ ಅವಧಿಯಲ್ಲಿ ಕಟ್ಟಿದ ಫ್ರಾನ್ಸೆಸ್ಕೊ ದೆ ಸಾಂಕ್ಟಿಸ್ ಈ ಇಕ್ಕಟ್ಟನ್ನು ಬಿಡಿಸಿದ ರೀತಿ ಸೊಗಸಾಗಿದೆ. ಅಲ್ಲಿ ಮೆಟ್ಟಿಲುಗಳು ಒಮ್ಮೆ ಹೊರಕ್ಕೆ ಉಬ್ಬುತ್ತವೆ, ಒಮ್ಮೆ ಒಳಕ್ಕೆ ಬಾಗುತ್ತವೆ, ನಡುನಡುವೆ ಅಗಲವಾದ ಜಗಲಿಗಳು ಬರುತ್ತವೆ. ಒಂಟಿಯಾಗಿ ಚೌಕವನ್ನು ನೋಡುವವನಿಗೂ ಗುಂಪಾಗಿ ಹರಟುವವರಿಗೂ ಒಂದೊಂದು ಬಾಗು ದಕ್ಕುತ್ತದೆ. ಅಷ್ಟು ಹಣವಾಗಲಿ ಅಷ್ಟು ಕಲ್ಲುಕುಟಿಗರಾಗಲಿ ನಮ್ಮ ನಗರಗಳ ಕೆರೆ ಅಭಿವೃದ್ಧಿ ಕಾಮಗಾರಿಗಳಿಗೆ ಸಿಗುವುದಿಲ್ಲ. ಅಗ್ಗದ ಉಪಾಯವೆಂದರೆ ನೇರ ಸಾಲನ್ನು ಎಂಟು ಹತ್ತು ಮೀಟರಿಗೊಮ್ಮೆ ಮಡಿಸಿ ಒಳಮೂಲೆಗಳನ್ನು ಸೃಷ್ಟಿಸುವುದು. ಮೂಲೆಯ ಎರಡು ತೋಳುಗಳ ಮೇಲೆ ಕುಳಿತವರು ಓರೆಯಾಗಿ ಎದುರುಬದುರಾಗುತ್ತಾರೆ, ಕಣ್ಣಂಚಿನಲ್ಲಿ ನೀರು ಇದ್ದೇ ಇರುತ್ತದೆ. ಶೇಂಗಾದ ಪೊಟ್ಟಣವನ್ನೋ ಗಿರಮಿಟ್ಟಿನ ತಟ್ಟೆಯನ್ನೋ ನಡುವೆ ಇಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಕಣ್ಣಿನ ಅಳತೆಯನ್ನು ವಿನ್ಯಾಸಕಾರರು ಹೆಚ್ಚಾಗಿ ಮರೆಯುತ್ತಾರೆ. ಮನುಷ್ಯನ ಕಣ್ಣಿನಿಂದ ನೆತ್ತಿಯವರೆಗೆ ಸುಮಾರು 12 ಸೆಂಟಿಮೀಟರ್ ಅಂತರವಿದೆ. ಮುಂದಿನ ಸಾಲಿನವನು ನನಗಿಂತ 15 ಸೆಂಟಿಮೀಟರ್ ಕೆಳಗೆ ಕುಳಿತರೂ ಅವನ ನೆತ್ತಿಯ ಮೇಲಿಂದ ದೂರದ ಕೆರೆಯಂಚು, ಅದರಾಚೆಯ ಗುಡ್ಡ ನನಗೆ ಕಾಣುತ್ತವೆ. ಹತ್ತಿರದ್ದನ್ನು ನೋಡಬೇಕಾದಾಗ ಲೆಕ್ಕ ಬದಲಾಗುತ್ತದೆ. ಮೆಟ್ಟಿಲಿನ ಬುಡದಲ್ಲಿ ಡೊಳ್ಳಿನ ಮೇಳವೋ ಬೀದಿ ನಾಟಕವೋ ನಡೆಯುತ್ತಿದೆ ಎಂದುಕೊಳ್ಳೋಣ. 45ಕ್ಕೆ 90ರ ಕಟ್ಟೆಗಳ ಐದನೆಯ ಸಾಲಿನಲ್ಲಿ ಕುಳಿತವನ ಕಣ್ಣು ನೆಲದಿಂದ ಸುಮಾರು 3 ಮೀಟರ್ ಎತ್ತರದಲ್ಲಿರುತ್ತದೆ. ಅವನ ಎದುರಿಗೇ ಒಬ್ಬ ಕುಳಿತಿದ್ದರೆ ಅವನಿಗೆ ನೆಲ ಕಾಣಲು ಆರಂಭವಾಗುವುದು ಕೊನೆಯ ಕಟ್ಟೆಯಿಂದ 4 ಮೀಟರಿಗಿಂತ ತುಸು ಆಚೆಗೆ. ಹತ್ತನೆಯ ಸಾಲಿನವನಿಗೆ ಈ ಅಂತರ ಸುಮಾರು 6 ಮೀಟರ್ ಆಗುತ್ತದೆ. ಆಟ ನಡೆಯುವ ಜಾಗವನ್ನು ಬುಡಕ್ಕೆ ಅಂಟಿಸಿ ಕಟ್ಟಿದರೆ ಮೇಲಿನವರಿಗೆ ಕಲಾವಿದರ ತಲೆಗಳಷ್ಟೇ ಕಾಣುತ್ತವೆ, ಹೆಜ್ಜೆಗಳು ಕಾಣುವುದಿಲ್ಲ. ಡೊಳ್ಳು ಕುಣಿತದಲ್ಲಿ ಹೆಜ್ಜೆ ಕಾಣದಿದ್ದರೆ ಉಳಿಯುವುದು ಸದ್ದು ಮಾತ್ರ.

ರೇಲಿಂಗಿನ ಕಥೆಯೂ ಇದೇ. ಕುಳಿತವನ ಕಣ್ಣು ಅವನ ಪಾದಗಳಿಂದ ಸುಮಾರು 120 ಸೆಂಟಿಮೀಟರ್ ಮೇಲಿರುತ್ತದೆ. ಕೆರೆಯ ಅಂಚಿಗೆ ಒಂದು ಮೀಟರಿಗಿಂತ ಎತ್ತರದ ಉಕ್ಕಿನ ರೇಲಿಂಗನ್ನು ಅವನ ಮುಂದೆಯೇ ನಿಲ್ಲಿಸಿದರೆ ದಂಡೆಯ ಬಳಿಯ ನೀರು, ಅದರಲ್ಲಿನ ಬಾತುಕೋಳಿ, ಬಲೆ ಎಸೆಯುವವನು ಎಲ್ಲರೂ ಸರಳುಗಳ ಹಿಂದೆ ಸೇರಿಹೋಗುತ್ತಾರೆ. ರೇಲಿಂಗ್ ಬೇಡವೆಂದಲ್ಲ, ನೀರಿನ ಬಳಿ ಮಕ್ಕಳಿರುವಲ್ಲಿ ಅದು ಬೇಕೇ ಬೇಕು. ಅದನ್ನು ಕೊನೆಯ ಕಟ್ಟೆಯಿಂದ ಒಂದೂವರೆ ಎರಡು ಮೀಟರ್ ಮುಂದೆ, ಅರ್ಧ ಮೀಟರ್ ತಗ್ಗಿನ ಪಟ್ಟಿಯೊಂದರಲ್ಲಿ ನಿಲ್ಲಿಸಿದರೆ ಎತ್ತರ ಅಷ್ಟೇ ಉಳಿಯುತ್ತದೆ, ಕಣ್ಣಿಗೆ ಅಡ್ಡ ಬರುವುದಿಲ್ಲ.

ಮೆಟ್ಟಿಲುಗಳು ತಾವೇ ನೋಟವಾಗುವ ಸಂದರ್ಭವೂ ಉಂಟು. 1837ರಿಂದ 1841ರ ನಡುವೆ ಒಡೆಸ್ಸಾ ನಗರದಲ್ಲಿ ಕಟ್ಟಿದ, ಇಂದು 192 ಮೆಟ್ಟಿಲುಗಳಿರುವ ಪೊಟೆಮ್ಕಿನ್ ಸೋಪಾನದ ಮೇಲ್ತುದಿ 12.5 ಮೀಟರ್ ಅಗಲ, ಬುಡ 21.7 ಮೀಟರ್ ಅಗಲ. ಹೀಗೆ ಕಿರಿದಾಗುತ್ತ ಹೋಗುವುದರಿಂದ ಕೆಳಗೆ ನಿಂತವನಿಗೆ ಅದು ಇರುವುದಕ್ಕಿಂತ ಉದ್ದವಾಗಿ ಕಾಣುತ್ತದೆ. ಕೆಳಗಿನಿಂದ ನೋಡಿದರೆ ಮೆಟ್ಟಿಲುಗಳೇ ಕಾಣುತ್ತವೆ, ನಡುವಿನ ಸಮತಟ್ಟುಗಳು ಕಾಣುವುದಿಲ್ಲ. ಮೇಲಿನಿಂದ ನೋಡಿದರೆ ಸಮತಟ್ಟುಗಳೇ ಕಾಣುತ್ತವೆ, ಮೆಟ್ಟಿಲುಗಳು ಮಾಯವಾಗುತ್ತವೆ. ಅದು ಬೆರಗು ಹುಟ್ಟಿಸುವ ಕೌಶಲ, ಒಪ್ಪೋಣ. ಆದರೆ ಸಂಜೆ ಬಂದು ಕೂಡ್ರುವವನ ಬಗ್ಗೆ ಯೋಚಿಸಿ ಮಾಡಿದ ಕೌಶಲವಲ್ಲ.

ನಮ್ಮ ಸೀಮೆಯ ಬಿಸಿಲು ಮತ್ತು ಮಣ್ಣನ್ನು ಮರೆತು ಈ ಅಳತೆಗಳನ್ನು ಬಳಸಲಾಗದು. ಹುಬ್ಬಳ್ಳಿ-ಧಾರವಾಡ ಸುಮಾರು 15.4 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ಮೇ ತಿಂಗಳ ಆರಂಭದಿಂದ ಆಗಸ್ಟ್ ಎರಡನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ, ಮುಳುಗುವುದೂ ವಾಯವ್ಯದ ಕಡೆಗೆ. ಜನ ಮೆಟ್ಟಿಲಿಗೆ ಬರುವ ಸಂಜೆ ನಾಲ್ಕರಿಂದ ಆರರ ನಡುವೆ ಬೇಸಗೆಯ ಬಿಸಿಲು ಬೀಳುವುದು ಪಶ್ಚಿಮ ಮತ್ತು ವಾಯವ್ಯದಿಂದ. ದಕ್ಷಿಣಕ್ಕೆ ನೆಟ್ಟ ಮರ ಚಳಿಗಾಲಕ್ಕೆ ಸರಿ, ಮೇ ತಿಂಗಳಿಗೆ ಅದರ ಉಪಯೋಗ ಕಡಿಮೆ. ಪೂರ್ವಾಭಿಮುಖ ಮೆಟ್ಟಿಲುಗಳ ಬೆನ್ನಿಗೆ ಹೊಂಗೆ, ಬೇವಿನ ಸಾಲು ಇದ್ದರೆ ನಾಲ್ಕು ಗಂಟೆಗೆಲ್ಲ ನೆರಳು ಕಟ್ಟೆಗಳ ಮೇಲೆ ಇಳಿದಿರುತ್ತದೆ. ಪಶ್ಚಿಮಾಭಿಮುಖ ಮೆಟ್ಟಿಲಿನಿಂದ ಸೂರ್ಯಾಸ್ತ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ದಿನವೆಲ್ಲ ಕಾದ ಕರಿಕಲ್ಲು ಕತ್ತಲಾದ ಮೇಲೂ ಬಿಸಿಯುಗುಳುತ್ತಿರುತ್ತದೆ. ಕಡುಬಣ್ಣದ, ಹೊಳಪು ಕೊಟ್ಟ ಗ್ರಾನೈಟನ್ನು ಹಾಸುವ ಚಟವಂತೂ ಎರಡು ಬಗೆಯಲ್ಲಿ ತಪ್ಪು: ಬೇಸಗೆಯಲ್ಲಿ ಸುಡುತ್ತದೆ, ಶ್ರಾವಣದಲ್ಲಿ ಜಾರುತ್ತದೆ. ಒರಟಾಗಿ ಕೆತ್ತಿದ ತಿಳಿಬಣ್ಣದ ಕಲ್ಲು, ಪ್ರತಿ ಮೆಟ್ಟಿಲಿಗೆ ನೀರು ಮುಂದಕ್ಕೆ ಹರಿಯುವಷ್ಟು ಸಣ್ಣ ವಾಟ, ಅಂಚಿಗೆ ಬೇರೆ ಬಣ್ಣದ ಪಟ್ಟಿ ಇಷ್ಟಿದ್ದರೆ ಸಾಕು.

ಮಣ್ಣಿನ ವಿಷಯದಲ್ಲಿ ಹುಬ್ಬಳ್ಳಿ ಮತ್ತು ಧಾರವಾಡ ಅವಳಿ ನಗರಗಳಾದರೂ ಸ್ವಭಾವ ಬೇರೆ. ಧಾರವಾಡದಿಂದ ಪಶ್ಚಿಮಕ್ಕೆ ಕೆಂಪು ಮಸಾರಿ ಮಣ್ಣು, ಹುಬ್ಬಳ್ಳಿಯಿಂದ ನವಲಗುಂದ, ಗದಗಿನ ಕಡೆಗೆ ಎರೆಮಣ್ಣು. ಎರೆಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಹತ್ತಿಗೆ ಅದು ಬಂಗಾರ, ಮೆಟ್ಟಿಲಿಗೆ ಶತ್ರು. ನೇರವಾಗಿ ಅದರ ಮೇಲೆ ಕಟ್ಟಿದ ಮೆಟ್ಟಿಲು ಕೆಲವೇ ವರ್ಷಗಳಲ್ಲಿ ಅಲ್ಲಲ್ಲಿ ಎದ್ದು ಅಲ್ಲಲ್ಲಿ ಕುಸಿಯುತ್ತದೆ, ಆಗ ಮೇಲೆ ಹೇಳಿದ ಸಮಾನ ಅಳತೆಯ ನಿಯಮ ತಾನಾಗಿಯೇ ಮುರಿಯುತ್ತದೆ. ಮೇಲಿನ ಎರೆಯನ್ನು ಅಗೆದು ತೆಗೆದು, ಗರಸು ತುಂಬಿ ದಮ್ಮಸು ಮಾಡಿ, ಇಡೀ ಸಾಲನ್ನು ಒಂದೇ ಉದ್ದನೆಯ ತುಂಡಾಗಿ ಕಟ್ಟದೆ ನಡುವೆ ಸಂದುಗಳನ್ನು ಬಿಡುವುದು ಅಗತ್ಯ.

ಇಷ್ಟೆಲ್ಲ ಮಾಡಿದರೂ ಹತ್ತಲಾರದವರು ಹೊರಗೇ ಉಳಿದರೆ ಅದು ಸಾರ್ವಜನಿಕ ಮೆಟ್ಟಿಲಾಗುವುದಿಲ್ಲ. ಗಾಲಿಕುರ್ಚಿಗೆ 12 ಅಡಿ ಉದ್ದಕ್ಕೆ 1 ಅಡಿ ಏರುವ ಇಳಿಜಾರು ಬೇಕು. ಎಂದರೆ 3 ಮೀಟರ್ ಎತ್ತರವನ್ನು ಏರಲು 36 ಮೀಟರ್ ಇಳಿಜಾರು, ಅದರ ಮೇಲೆ ನಡುನಡುವೆ ವಿಶ್ರಾಂತಿಯ ಸಮತಟ್ಟುಗಳು. ಕೆನಡಾದ ವ್ಯಾಂಕೂವರಿನ ರಾಬ್ಸನ್ ಚೌಕದಲ್ಲಿ ವಾಸ್ತುಶಿಲ್ಪಿ ಆರ್ಥರ್ ಎರಿಕ್ಸನ್ ಮೆಟ್ಟಿಲುಗಳ ನಡುವೆಯೇ ಇಳಿಜಾರನ್ನು ಅಂಕುಡೊಂಕಾಗಿ ನೇಯ್ದರು. ನೋಡಲು ಅದು ಬಲು ಚೆಂದ, ಛಾಯಾಚಿತ್ರಕಾರರಿಗೆ ಅಚ್ಚುಮೆಚ್ಚು. ಆದರೆ ಕೈಹಿಡಿಗಳಿಲ್ಲವೆಂದೂ ಇಳಿಜಾರು ಕಡಿದಾಯಿತೆಂದೂ ಗಾಲಿಕುರ್ಚಿ ಬಳಸುವವರ ಟೀಕೆಗೆ ಗುರಿಯಾಗಿದೆ. ನನ್ನ ಅಭಿಪ್ರಾಯದಲ್ಲಿ ಇಳಿಜಾರನ್ನು ಬದಿಯಲ್ಲಿ ಪ್ರತ್ಯೇಕವಾಗಿ ಕಟ್ಟಿ, ಪ್ರತಿ ಎರಡು ಮೂರು ಕಟ್ಟೆಗೊಮ್ಮೆ ಅದು ಆಸನಗಳ ಸಾಲಿಗೆ ತಾಗುವಂತೆ ಮಾಡುವುದು ಹೆಚ್ಚು ಪ್ರಾಮಾಣಿಕ. ಗಾಲಿಕುರ್ಚಿಯಲ್ಲಿ ಬಂದ ಅಜ್ಜಿ ಮನೆಯವರ ಪಕ್ಕದಲ್ಲಿಯೇ ಕೂಡ್ರಬಹುದು, ತುದಿಯಲ್ಲಿ ಒಂಟಿಯಾಗಬೇಕಿಲ್ಲ.

ಹೆಂಗಸರು ಬರುತ್ತಾರೆಯೇ ಎಂಬುದು ಜಾಗದ ಗುಣಮಟ್ಟದ ಒಳ್ಳೆಯ ಅಳತೆಗೋಲು. ಕೂಡ್ರುವ ಜಾಗವನ್ನು ಆರಿಸುವಲ್ಲಿ ಹೆಂಗಸರು ಹೆಚ್ಚು ವಿವೇಚನೆ ತೋರುತ್ತಾರೆಂದೂ, ಅವರ ಪ್ರಮಾಣ ತಗ್ಗಿದ ಚೌಕದಲ್ಲಿ ಏನೋ ಕೊರತೆ ಇದ್ದೇ ಇರುತ್ತದೆಂದೂ ವೈಟ್ ಅವರು ಕೂಡ ಗಮನಿಸಿದ್ದರು. ಎತ್ತರದ ಗೋಡೆಗಳ ನಡುವೆ ಒಂದೇ ದಾರಿಯಿರುವ ಮೆಟ್ಟಿಲು ಸಂಜೆಯ ನಂತರ ಗಂಡಸರ ಪಾಲಾಗುತ್ತದೆ. ಎರಡು ಕಡೆಗಾದರೂ ಹೊರಹೋಗುವ ದಾರಿ ಬೇಕು, ರಸ್ತೆಯಿಂದ ಕುಳಿತವರು ಕಾಣುವಂತಿರಬೇಕು, ದೀಪಗಳು ಕಂಬದ ತುದಿಯಿಂದ ಕಣ್ಣು ಕುಕ್ಕದೆ ಮೆಟ್ಟಿಲಿನ ಅಂಚಿನಲ್ಲಿ ತಗ್ಗಾಗಿ ಉರಿಯಬೇಕು. ಕಣ್ಣು ಕುಕ್ಕುವ ದೀಪದ ಕೆಳಗೆ ಕುಳಿತವರಿಗೆ ಸುತ್ತಲಿನ ಕತ್ತಲೆ ಇನ್ನಷ್ಟು ದಟ್ಟವಾಗಿ ಕಾಣುತ್ತದೆ. ಅವರು ಎಲ್ಲರಿಗೂ ಕಾಣುತ್ತಾರೆ, ಅವರಿಗೆ ಯಾರೂ ಕಾಣುವುದಿಲ್ಲ. ಬುಡದಲ್ಲಿ ಒಂದೆರಡು ಚುರುಮರಿ, ಚಹದ ಗಾಡಿಗಳಿಗೆ ಜಾಗ ಬಿಟ್ಟರೆ ಕಾವಲುಗಾರನಿಗಿಂತ ಅವು ಹೆಚ್ಚು ಕಾಯುತ್ತವೆ.

ಕಟ್ಟಿದ ಮೇಲೆ ಕೂಡ್ರಲು ಬಿಡುವುದೇ ಕೊನೆಯ ಪ್ರಶ್ನೆ. 2019ರಲ್ಲಿ ರೋಮ್ ನಗರ ಅದೇ ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ ಕುಳಿತವರಿಗೆ ದಂಡ ವಿಧಿಸತೊಡಗಿತು. ಕಲ್ಲಿನ ಸವೆತ, ಕಸ, ಕಲೆಗಳು ಅದಕ್ಕೆ ಕಾರಣ. ಪ್ರವಾಸಿಗರ ದಟ್ಟಣೆಯಿಂದ ಸ್ಮಾರಕವನ್ನು ಉಳಿಸಬೇಕಾದ ನಗರದ ಕಷ್ಟ ಅರ್ಥವಾಗುವಂಥದು. ನಮ್ಮ ಕೆರೆಗಳಿಗೆ ಅಂಥ ದಟ್ಟಣೆಯಿಲ್ಲ; ಇಲ್ಲಿ ಬೇಕಾದದ್ದು ಕಸದ ಬುಟ್ಟಿ, ಬೆಳಗಿನ ಕಸಬರಿಗೆ, ಎಲೆಯಡಿಕೆಯ ಕಲೆ ಬಿದ್ದರೆ ಅಂದೇ ತೊಳೆಯುವ ವ್ಯವಸ್ಥೆ.

ನಕ್ಷೆ ಬರೆಯುವ ಮುನ್ನ ಮಾಡಬಹುದಾದ ಒಂದು ಅಗ್ಗದ ಪರೀಕ್ಷೆಯಿದೆ. ಮೆಟ್ಟಿಲು ಕಟ್ಟಬೇಕಾದ ಇಳಿಜಾರಿಗೆ ಸಂಜೆ ಐದಕ್ಕೆ ಹೋಗಿ ಇಟ್ಟಿಗೆಗಳನ್ನು 45 ಸೆಂಟಿಮೀಟರ್ ಎತ್ತರಕ್ಕೆ ಪೇರಿಸಿ, ಅದರ ಮೇಲೆ ಅರ್ಧ ಗಂಟೆ ಕುಳಿತು ನೋಡಬೇಕು. ಬಿಸಿಲು ಎಲ್ಲಿಂದ ಬರುತ್ತದೆ, ಕಣ್ಣು ಯಾವ ಕಡೆ ಹೊರಳುತ್ತದೆ, ಗಾಳಿ ಗಟಾರದ ವಾಸನೆಯನ್ನು ಎತ್ತ ಒಯ್ಯುತ್ತದೆ ಎಂಬುದೆಲ್ಲ ತಿಳಿಯುತ್ತದೆ. ಇಳಿಜಾರಿನ ಹುಲ್ಲಿನಲ್ಲಿ ಜನ ತುಳಿದು ಸವೆದ ಕಾಲುದಾರಿ ಖಂಡಿತ ಇರುತ್ತದೆ. ಅದರ ಎರಡೂ ಅಂಚಿಗೆ ಸುಣ್ಣದ ಗೆರೆ ಎಳೆದು, ಆ ಗೆರೆಗಳ ಹೊರಗೆ ಮಾತ್ರ ಕಟ್ಟೆಗಳನ್ನು ಗುರುತಿಸಬೇಕು.